ಮೊದಲು ನಗು, ಆಮೇಲೆ ಅಯ್ಯೋ

ಹದಿನೇಳು ವರ್ಷದಿಂದ ಅಕ್ಕನ ಜೋಡಿಯಾಗಿ ಮಂಜುಗಡ್ಡೆಯ ಮೇಲೆ ನರ್ತಿಸಿ ಸ್ಪರ್ಧಿಸುವ ಈ ತಮ್ಮನಿಗೆ, ಬಿದ್ದರೆ ನಗುವುದು ಚಾಳಿಯಾಗಿಬಿಟ್ಟಿದೆ. ಬಿದ್ದದ್ದಕ್ಕೆ ಅಂಕ ಹೋಗಲಿ, ಮುಖ ಬಾಡಿದ್ದಕ್ಕೆ ಹೋಗಬಾರದೆಂಬುದು ಅಕ್ಕನ ಕಟ್ಟಪ್ಪಣೆ. ಕಾಲು ಜಾರಿದೊಡನೆ ಅವಳು ತುಟಿ ಅಲುಗಿಸದೆ, "ಬೀಳ್ತಿದೀವಿ, ನಗೋ" ಎನ್ನುತ್ತಾಳೆ; ಇವನು ಮೂವತ್ತೆರಡು ಹಲ್ಲೂ ಬಿಟ್ಟುಕೊಂಡು ಮಕಾಡೆ ಬೀಳುತ್ತಾನೆ. ಬಚ್ಚಲಲ್ಲಿ ಜಾರಿದರೂ ಮೊದಲು ನಗು, ಆಮೇಲೆ ಅಯ್ಯೋ. ಚಿಕ್ಕಪ್ಪ ಸತ್ತ ದಿನ ಹೊಸ್ತಿಲು ಎಡವಿ ಹೀಗೇ ನಕ್ಕದ್ದಕ್ಕೆ ಚಿಕ್ಕಮ್ಮ ಇವತ್ತಿಗೂ ಇವನ ಹತ್ತಿರ ಮಾತು ಬಿಟ್ಟಿದ್ದಾಳೆ. ಮೊನ್ನೆ ಡಾಕ್ಟರು ಅಕ್ಕನ ಮಂಡಿಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇನ್ನು ಕುಣಿತ ಮರೆತುಬಿಡಮ್ಮ" ಎಂದರು. ಅಕ್ಕನ ಮುಖದಲ್ಲಿ ಏನೂ ಉಳಿಯಲಿಲ್ಲ. ತಮ್ಮ ಅವಳ ಕೈ ಹಿಡಿದು, ತುಟಿ ಅಲುಗಿಸದೆ, "ಅಕ್ಕ, ಬೀಳ್ತಿದೀವಿ. ನಗು" ಎಂದ.