ಅಂಬಕ್ಕನನ್ನು ನಾನು ಬಲ್ಲೆನೆ?

ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ನಾನು ಬದುಕಿದ್ದೇನೆಂದು ತೋರಿಸಿ ಬರಬೇಕು. ನಿವೃತ್ತ ಮಾಸ್ತರನ ಪಿಂಚಣಿಗೆ ಇರುವ ಕಟ್ಟಳೆ ಅದು. ಮೊನ್ನೆ ಹೋದಾಗ ಮೇಜಿನ ಆಚೆಗಿದ್ದ ಹೆಣ್ಣುಮಗಳು ಕಾರ್ಡಿನ ಫೋಟೊವನ್ನೂ ನನ್ನ ಮುಖವನ್ನೂ ನಾಲ್ಕು ಸಲ ಹೋಲಿಸಿ, “ಇದು ನೀವ ಏನ್ರಿ?” ಎಂದಳು. ಹೌದೆಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಆ ಫೋಟೊ ನೋಡಿದರೆ ನನಗೂ ಪೂರ್ತಿ ಬರುವುದಿಲ್ಲ, ಬಿಡಿ. ಆದರೆ ಕಣ್ಣು ಕಿರಿದು ಮಾಡಿ ನೋಡಿದ ಆ ನೋಟವಿತ್ತಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಒಂದು ಕಾಲಕ್ಕೆ ನಾನೂ ಹಾಗೆಯೇ ನೋಡಿದವನು.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು. ಮೂಡಲಗಿಯ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು ಅಂಬಕ್ಕ ಎಂಬ ವಿಧವೆಯ ಮನೆಯ ಹೊರಗೋಣೆಯಲ್ಲಿ ಬಾಡಿಗೆಗಿದ್ದೆ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ದಿನಾ ಮುಂಜಾನೆ ಎರಡು ಬಿಸಿ ರೊಟ್ಟಿ, ಮೇಲೊಂದಿಷ್ಟು ಶೇಂಗಾ ಚಟ್ನಿ ನನ್ನ ಬಾಗಿಲಿಗೆ ಬರುತ್ತಿತ್ತು. ಎರಡು ವರ್ಷ ತಕರಾರಿಲ್ಲದೆ ತಿಂದೆ. ಆಗ ನನಗೆ ನನ್ನ ಸಹಿಯ ಮೇಲಿದ್ದಷ್ಟು ಪ್ರೀತಿ ಬೇರೆ ಯಾರ ಮೇಲೂ ಇರಲಿಲ್ಲ. ಕೊನೆಯ ಅಕ್ಷರದ ಬಾಲವನ್ನು ತಿರುಗಿಸಿ ಕೆಳಗೆ ಎರಡು ಗೆರೆ ಎಳೆಯುವುದನ್ನು ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ.

ಒಂದು ಶನಿವಾರ ಅಂಬಕ್ಕ ಬಾಗಿಲಲ್ಲಿ ನಿಂತಳು. “ಮಾಸ್ತರ, ಗೋಕಾಕಕ್ಕ ವಕೀಲರ ಕಡೆ ಹೋಗೋದೈತ್ರಿ. ಈಕಿನ್ನ ನಾ ಬಲ್ಲೆ ಅಂತ ನೀವೊಂದು ಸಹಿ ಮಾಡಿದ್ರ ಸಾಕು.”

ನಾನು ಉಬ್ಬಿಹೋದೆ. ಇಸ್ತ್ರಿಯ ಅಂಗಿ ತೊಟ್ಟು ಹೊರಟೆ.

ನೋಟರಿ ವಕೀಲರು ಕನ್ನಡಕದ ಮೇಲಿನಿಂದ ನೋಡುವ ಹಿರಿಯರು. ಕಾಗದವನ್ನು ಗಟ್ಟಿಯಾಗಿ ಓದಿದರು. ಮಮದಾಪುರದಲ್ಲಿ ಹುಟ್ಟಿದ ತುಳಸವ್ವ ಎಂಬ ನಾನು ಜೀವಂತವಿದ್ದೇನೆ, ತಂದೆ ನನ್ನ ಹೆಸರಿಗೆ ಬರೆದಿಟ್ಟ ಹೊಲ ನನಗೆ ಸೇರಬೇಕು ಎಂದು ಅದರಲ್ಲಿತ್ತು. ನಾನು ಬೆಚ್ಚಿದೆ. ತುಳಸವ್ವ ಯಾರು?

“ಮದಿವ್ಯಾಗ ಹೆಸರು ಬದಲ ಮಾಡಿದ್ರು. ತವರಾಗ ತುಳಸವ್ವ, ಗಂಡನ ಮನ್ಯಾಗ ಅಂಬವ್ವ,” ಎಂದಳು ಅಂಬಕ್ಕ. ನಮ್ಮ ಕಡೆ ಹಾಗೆ ಮಾಡುವುದುಂಟು. ಅದು ಗೊತ್ತಿದ್ದೂ ನನ್ನೊಳಗೆ ಸಂಶಯ ಹೊಕ್ಕಿತು.

ವಕೀಲರು ನನ್ನತ್ತ ತಿರುಗಿದರು. “ಈಕಿ ತುಳಸವ್ವ ಅನ್ನೋದು ನಿಮಗ ಖರೇನ ಗೊತ್ತೈತೇನ್ರಿ ಮಾಸ್ತರ? ಸುಳ್ಳ ಸಹಿ ಮಾಡಿದ್ರ ನೌಕರಿ ಹೋಗತೈತಿ ಮತ್ತ.”

ಪೆನ್ನಿನ ಟೊಪ್ಪಿಗೆ ತೆಗೆದಿದ್ದವನು ಮತ್ತೆ ಹಾಕಿದೆ. “ನಾ ಅಂಬಕ್ಕನ್ನ ಬಲ್ಲೆರಿ. ತುಳಸವ್ವ ಗೊತ್ತಿಲ್ಲ,” ಎಂದೆ.

ಅಂಬಕ್ಕ ನನ್ನ ಕಡೆ ನೋಡಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. “ತವರಿನವರನ್ನ ಯಾರನ್ನರ ಕರಕೊಂಡ ಬಾರವಾ,” ಎಂದು ವಕೀಲರು ಕಾಗದ ಮಡಚಿಟ್ಟರು.

ಮರುದಿನ ಅವಳ ಜೊತೆ ನಾನೂ ಮಮದಾಪುರಕ್ಕೆ ಹೋದೆ. ಮಾಡಿದ್ದನ್ನು ತೊಳೆದುಕೊಳ್ಳಲೆಂದೋ, ಅವಳನ್ನು ಪರೀಕ್ಷಿಸಲೆಂದೋ? ಎರಡನೆಯದೇ ಇರಬೇಕು. ಅವಳು ಅಲ್ಲಿಗೆ ಕಾಲಿಟ್ಟು ಹದಿನೆಂಟು ವರ್ಷವಾಗಿತ್ತಂತೆ. ತಂದೆ ತೀರಿದಾಗಲೂ ಅಣ್ಣ ಹೇಳಿಕಳಿಸಲಿಲ್ಲವಂತೆ. ಊರು ಹತ್ತಿರವಾದಾಗ ಬಾವಿ ಬಲಗಡೆ ಸಿಗುತ್ತದೆ ಎಂದಳು. ಸಿಕ್ಕದ್ದು ಎಡಗಡೆ. ಪರೀಕ್ಷೆಯಲ್ಲಿ ಅಂಕ ಕಳೆಯುವವನಂತೆ ಅದನ್ನು ಮನಸ್ಸಿನಲ್ಲೇ ಬರೆದುಕೊಂಡೆ.

ಅಣ್ಣ ಭೀಮಪ್ಪ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಅಂಬಕ್ಕನನ್ನು ಮೇಲಿಂದ ಕೆಳಗೆ ನೋಡಿ, “ನಮ್ಮ ತಂಗಿ ಸತ್ತು ಹತ್ತು ವರ್ಷ ಆತು. ಈಕಿ ಯಾರೋ ನಮಗ ಗೊತ್ತಿಲ್ರಿ,” ಎಂದು ನನಗೆ ಹೇಳಿದ. ಅವನ ಧ್ವನಿ ನಡುಗಲಿಲ್ಲ. ನೆರೆಯವರು ಬಾಗಿಲಿಗೆ ಬಂದರು, ಅವನ ಮುಖ ನೋಡಿದರು, ಒಳಗೆ ಹೋದರು. ನಿಮ್ಮೆದುರು ಮುಚ್ಚಿಡುವುದೇನು, ನಾನು ಅವನನ್ನೇ ನಂಬಿದೆ.

ಅಂಬಕ್ಕ ಆಡಿದ್ದು ಒಂದೇ ಮಾತು. “ಅಣ್ಣಾ, ಹೊಲ ಇಲ್ಲ ಅನ್ನು. ನಾ ಇಲ್ಲ ಅನಬ್ಯಾಡ.”

ಅವನು ಎದ್ದು ಒಳಗೆ ಹೋದ.

ಊರ ಹೊರಗೆ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬಳು ಖಾಲಿ ಕೊಡ ಹಿಡಿದು ಅವಸರದಿಂದ ಬಂದಳು. ಭೀಮಪ್ಪನ ಹೆಂಡತಿ ಯಲ್ಲವ್ವ. ಬಂದವಳೇ ಅಂಬಕ್ಕನ ಎರಡೂ ಕೈ ಹಿಡಿದುಕೊಂಡಳು. “ತುಳಸೀ, ಎಷ್ಟ ಸೊರಗೀದಿ! ನೀ ಇದ್ದಾಗಿನ ಹಳೇ ಬಾವಿ ಮುಚ್ಚಿ ಆಚೀ ಬಾಜೂ ಹೊಸಾದು ತೋಡ್ಯಾರ. ನೀರಿಗಂತ ಹೇಳಿ ಬಂದೇನಿ, ಲಗೂನ ಹೋಗಬೇಕು. ನಾಳಿ ಗೋಕಾಕಕ್ಕ ನಾ ಬರ್ತೇನಿ.”

ಅವಳು ಬರುವುದಿಲ್ಲವೆಂದೇ ನನ್ನ ಲೆಕ್ಕ. ನಾವು ಹೋಗುವಷ್ಟರಲ್ಲಿ ವಕೀಲರ ಮೆಟ್ಟಿಲ ಮೇಲೆ ಕುಳಿತಿದ್ದಳು.

“ಹೆಬ್ಬಟ್ಟ ಒತ್ತಿದ್ರ ನಿನ್ನ ಗಂಡನ ಕೈಯಾಗಿನ ಹೊಲ ಹೋಗತೈತಿ. ತಿಳೀತೇನವಾ?” ವಕೀಲರು ಕೇಳಿದರು.

“ತಿಳದೈತ್ರಿ. ಈಕಿ ಸತ್ತಾಳಂತ ನನ್ನ ಬಾಯಿಂದನೂ ಹೇಳಿಸ್ಯಾರ. ಹೇಳಿದ ದಿನ ಉಂಡಿಲ್ರಿ ನಾ. ಒತ್ತಿಸ್ಕೋರಿ.”

ಇನ್ನೊಬ್ಬರದೂ ಇರಲಿ ಎಂದು ವಕೀಲರು ನನ್ನತ್ತ ನೋಡಿದರು. ನಾನು ಪೆನ್ನು ತೆಗೆದೆ. ಅಂಬಕ್ಕ ಮೆಲ್ಲಗೆ, “ನೀವು ಬ್ಯಾಡ್ರಿ ಮಾಸ್ತರ. ನಿಮಗ ಗೊತ್ತಿಲ್ಲ ಅಂದೀರಿ,” ಎಂದಳು. ಆ ಮಾತಿನಲ್ಲಿ ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ಈಕಿ ಒಬ್ಬಾಕಿ ಸಾಕು. ತನ್ನ ಮನೀಗೆ ಲುಕ್ಸಾನ ಆಗೋದನ್ನ ಸುಳ್ಳ ಯಾರ ಹೇಳ್ತಾರ,” ಎಂದು ವಕೀಲರು ಮುದ್ರೆ ಒತ್ತಿದರು.

ಹೊಲ ಅಂಬಕ್ಕನ ಹೆಸರಿಗಾಯಿತು. ಭೀಮಪ್ಪ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕಿದ. ಯಲ್ಲವ್ವ ಒಂದು ಟ್ರಂಕು ಹಿಡಿದು ಮೂಡಲಗಿಗೆ ಬಂದಳು. “ಮಾಸ್ತರ, ಕೋಣಿ ಬೇಕಾಗೈತ್ರಿ,” ಎಂದಳು ಅಂಬಕ್ಕ. ನಾನು ಮರುದಿನವೇ ಖಾಲಿ ಮಾಡಿದೆ. ಆ ಮುಂಜಾನೆಯೂ ರೊಟ್ಟಿ ತಪ್ಪಲಿಲ್ಲ. ಮುಂದೆ ನಾನು ಹುಕ್ಕೇರಿಗೆ ವರ್ಗವಾದ ಮೇಲೆ, ಭೀಮಪ್ಪ ತಾನಾಗಿಯೇ ಬಂದು ಹೆಂಡತಿಯನ್ನು ಕರೆದೊಯ್ದನೆಂದೂ, ಬಾಗಿಲಲ್ಲಿ ನಿಂತು ತಂಗಿಯನ್ನು ತುಳಸಿ ಎಂದು ಕರೆದನೆಂದೂ ಸುದ್ದಿ ಬಂತು. ಅದನ್ನೂ ನಾನು ಕೂಡಲೇ ನಂಬಲಿಲ್ಲ. ಇಬ್ಬರು ಮೂವರನ್ನು ಕೇಳಿ ಖಾತ್ರಿ ಮಾಡಿಕೊಂಡೆ.

ನಿನ್ನೆ ಸಂಜೆ, ಎದುರುಮನೆಗೆ ಹೊಸದಾಗಿ ಬಂದ ಹೆಣ್ಣುಮಗಳು ಒಂದು ಅರ್ಜಿ ಹಿಡಿದು ಬಂದಳು. “ಅಜ್ಜಾರ, ನಮ್ಮನ್ನ ಬಲ್ಲೆ ಅಂತ ಇಲ್ಲೊಂದು ಸಹಿ ಬೇಕಾಗಿತ್ರಿ.”

“ಬಾರವಾ, ಕುಂದರು. ನಿಂದು ಯಾವ ಊರು? ಮನ್ಯಾಗ ನಿನ್ನ ಏನಂತ ಕರೀತಿದ್ರು?” ಎಂದೆ.

ಈ ಮುದುಕನಿಗೆ ಇದೆಲ್ಲ ಯಾಕೆ ಬೇಕು ಎಂಬಂತೆ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು, ಹತ್ತರಗಿಯ ತನ್ನ ಅಜ್ಜಿಯಿಂದ ಶುರುಮಾಡಿದಳು. ಅರ್ಜಿಯನ್ನು ಬದಿಗಿಟ್ಟು ಕೇಳುತ್ತ ಕುಳಿತೆ.