ಸರ್ವರಿಗೆ ಹಿಡಿದ ರಾಹುಕಾಲ

ಆ ಮ್ಯಾನೇಜರರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಹುಕ್ಕೇರಿಯಲ್ಲಿ ಮುಖ್ಯ ಕಚೇರಿ, ಗೋಕಾಕ ಮತ್ತು ಮೂಡಲಗಿಯಲ್ಲಿ ಶಾಖೆಗಳಿದ್ದ ಒಂದು ಸಹಕಾರಿ ಸಂಘದಲ್ಲಿ ನಾನು ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಹಂಗಾಮಿ ನೌಕರಿ, ವರ್ಷ ವರ್ಷವೂ ಹೊಸ ಆದೇಶಕ್ಕಾಗಿ ಕೈಕಟ್ಟಿ ನಿಲ್ಲಬೇಕು. ಆಗ ಸಂಘ ಹೊಸ ಸರ್ವರ್ ತರಿಸಿತು. ಯಾವ ಶಾಖೆಯಲ್ಲಿ ಯಾರು ಕಂಪ್ಯೂಟರ್ ತೆರೆದರೂ ಅವರು ನಮ್ಮವರು ಹೌದೋ ಅಲ್ಲವೋ ಎಂದು ಹುಕ್ಕೇರಿಯ ಆ ಪೆಟ್ಟಿಗೆ ಪರೀಕ್ಷಿಸಿ ಒಳಗೆ ಬಿಡಬೇಕು. ಪಾಸ್‌ವರ್ಡಿನ ಜೊತೆಗೆ, ಮೊಬೈಲಿನಲ್ಲಿ ಆಗಾಗ ಬದಲಾಗುವ ಒಂದು ಸಂಖ್ಯೆಯನ್ನೂ ಒತ್ತಬೇಕು. ಎಲ್ಲವನ್ನೂ ಜೋಡಿಸಿದವಳು ನಾನೇ.

"ಇದೊಂದು ಸುಸೂತ್ರ ನಡೀಲ್ರಿ ಮೇಡಂ, ನಿಮ್ಮನ್ನ ಕಾಯಂ ಮಾಡೇ ಬಿಡ್ತೇವಿ," ಎಂದಿದ್ದರು ಮ್ಯಾನೇಜರ್. ನಾನು ನಂಬಿದೆ.

ಉದ್ಘಾಟನೆ ಶುಕ್ರವಾರ ಬೆಳಿಗ್ಗೆ ಎಂದು ಗೊತ್ತಾಯಿತು. ನನ್ನನ್ನು ಮೂಡಲಗಿಗೆ ಅಟ್ಟಿದರು. ಅತಿಥಿಗಳು ಹುಕ್ಕೇರಿಯಲ್ಲಿ ಗುಂಡಿ ಒತ್ತಿದ ಕೂಡಲೇ ನಾನು ಶಾಖೆಯಿಂದ ಒಳಹೊಕ್ಕು ತೋರಿಸಬೇಕು. ಹಿಂದಿನ ದಿನ ಪರೀಕ್ಷಿಸಿದಾಗ ಎಲ್ಲ ಸರಿಯಿತ್ತು. ಕಾದೂ ಕಾದೂ ಸಾಕಾದ ಮೇಲೆ ಫೋನಿನಲ್ಲಿ ಕಾಯಿ ಒಡೆದದ್ದು ಕೇಳಿಸಿತು, ಚಪ್ಪಾಳೆ ಕೇಳಿಸಿತು. ಸಂಖ್ಯೆ ಒತ್ತಿದೆ. ತಪ್ಪು ಎಂದಿತು. ಮತ್ತೆ ಒತ್ತಿದೆ. ಮತ್ತೆ ತಪ್ಪು.

ತಂತಿ ಬಿಚ್ಚಿ ಹಾಕಿದೆ, ಪಾಸ್‌ವರ್ಡ್ ಬದಲಿಸಿದ್ದೇನೋ ಎಂದು ತಲೆ ಕೆರೆದುಕೊಂಡೆ, ಬೇರೆಯವರ ಮೊಬೈಲಿನಿಂದ ನೋಡಿದೆ. ಕೌಂಟರಿನ ಮುಂದೆ ಜನ ಸೇರಿದರು. ಕುರಿ ಮಾರಿ ರೊಕ್ಕ ಕಟ್ಟಲು ಬಂದಿದ್ದ ಅಜ್ಜ ಕನಿಕರದಿಂದ ಕೇಳಿದ: "ಮಿಶಿನ್ನಿಗೆ ನಿನ್ನ ಗುರ್ತ ಹತ್ತವಲ್ದೇನಬೇ ತಂಗಿ?"

ಹುಕ್ಕೇರಿಗೆ ಫೋನ್ ಮಾಡಿ, ಏನಾದರೂ ಮುಟ್ಟಿದ್ದೀರಾ ಎಂದು ಮ್ಯಾನೇಜರರನ್ನು ಕೇಳಿದೆ.

"ಏನೂ ಮುಟ್ಟಿಲ್ರಿ. ಪೂಜಿ ಮಾಡೇವಿ, ಅಷ್ಟ. ನಿಮ್ಮ ಜೋಡಣೀನ ತಪ್ಪಿರಬೇಕು, ನೋಡ್ರಿ."

ಬಸ್ಸು ಹಿಡಿದು ಗೋಕಾಕಕ್ಕೆ ಹೋದೆ. ಅಲ್ಲಿಯೂ ಅದೇ ಗೋಳು. ಅಂದರೆ ರೋಗ ಹುಕ್ಕೇರಿಯಲ್ಲಿದೆ. ಮರುದಿನ ಬೆಳಿಗ್ಗೆ ಹುಕ್ಕೇರಿಯಲ್ಲಿ ಇಳಿದು ನೋಡಿದರೆ ಸರ್ವರಿಗೆ ಚೆಂಡುಹೂವಿನ ಮಾಲೆ, ವಿಭೂತಿ, ಕುಂಕುಮ. ಗಾಳಿಯಾಡುವ ಕಿಂಡಿಗೂ ಹೂವು ಸಿಕ್ಕಿಸಿದ್ದರು. ಹೂವು ಕಿತ್ತು, ಒಂದೊಂದೇ ನೋಡುತ್ತ ಹೋದವಳ ಕಣ್ಣು ಪರದೆಯ ಮೂಲೆಯ ಗಡಿಯಾರಕ್ಕೆ ಬಿತ್ತು. ಒಂದು ತಾಸಿಗಿಂತ ಹೆಚ್ಚು ಹಿಂದೆ ಇತ್ತು! ಮೊಬೈಲಿನ ಸಂಖ್ಯೆ ಹುಟ್ಟುವುದೇ ಗಡಿಯಾರದಿಂದ. ಮೊಬೈಲಿನಲ್ಲೂ ಸರ್ವರಿನಲ್ಲೂ ಒಂದೇ ಸಮಯವಿಲ್ಲದಿದ್ದರೆ ಯಾರು ಒತ್ತಿದರೂ ತಪ್ಪೇ. ಸಮಯವನ್ನು ತಾನಾಗಿ ಸರಿಪಡಿಸಿಕೊಳ್ಳುವ ವ್ಯವಸ್ಥೆಯನ್ನೂ ಯಾರೋ ಬಂದ್ ಮಾಡಿದ್ದರು. ಆ ಕೋಣೆಯ ಕೀಲಿ, ಸರ್ವರಿನ ಪಾಸ್‌ವರ್ಡ್ ನನ್ನ ಬಿಟ್ಟರೆ ಮ್ಯಾನೇಜರರ ಬಳಿ ಮಾತ್ರ ಇದ್ದವು.

ಕೇಳಿದೆ. ಅವರಿಗೆ ನಾಚಿಕೆಯೇ ಆಗಲಿಲ್ಲ.

"ಅತಿಥಿಗಳು ಯಮಕನಮರಡಿ ದಾಟೂದ್ರಾಗ ಹತ್ತೂವರಿ ಆಗಿ ಹೋತ್ರಿ. ರಾಹುಕಾಲದಾಗ ಚಾಲೂ ಮಾಡಾಕ ಬರ್ತೈತೇನ್ರಿ? ಅದಕ್ಕ ಟೈಮ್ ಜರಾ ಹಿಂದ ಸರಿಸಿದೆ. ಫೋಟೋದಾಗೂ ಚಲೋ ಬಂತು. ಮಿಶಿನ್ನಿಗೆ ಏನ್ ತಿಳೀತೈತ್ರಿ, ನಾವು ಹೇಳಿದ್ದ ಟೈಮ್!"

ಹಾಗೆ ಹೇಳುವಾಗ ಅವರ ತಲೆಯ ಮೇಲೆ, ಮುಹೂರ್ತ ನೋಡಬೇಡಿರೆಂದು ಸಾರಿದ ಶರಣರ ಪಟ ತೂಗುತ್ತಿತ್ತು. ಆ ಪಟಕ್ಕೂ ದಿನಾ ಹೊಸ ಮಾಲೆ.

ಸಮಯ ಸರಿಪಡಿಸಿದೆ. ಚಿಟಿಕೆ ಹೊಡೆಯುವಷ್ಟರಲ್ಲಿ ಮೂಡಲಗಿ, ಗೋಕಾಕ ಎರಡೂ ಕಡೆಯಿಂದ ಒಳಗೆ ಹೋದೆವೆಂದು ಫೋನ್ ಬಂತು.

ಆದರೆ ಒಂದಿಡೀ ದಿನ ಜನ ಪರದಾಡಿದ್ದಕ್ಕೆ ಆಡಳಿತ ಮಂಡಳಿ ಸಭೆ ಕರೆಯಿತು. ನಾನು ನಡೆದದ್ದನ್ನು ನಡೆದಂತೆ ಹೇಳಿದೆ. ಉದ್ಘಾಟನೆಯಾದದ್ದು ಹನ್ನೊಂದು ದಾಟಿದ ಮೇಲೆ, ಗಡಿಯಾರ ಹಿಂದೆ ಸರಿಸಿದ್ದರಿಂದಲೇ ಸರ್ವರ್ ಯಾರನ್ನೂ ಒಳಬಿಡಲಿಲ್ಲ ಎಂದೆ. ಅಧ್ಯಕ್ಷರು ಕುರ್ಚಿಯಲ್ಲಿ ಮುಂದೆ ಬಾಗಿದರು.

"ಅಂದ್ರ ಖರೇನ ರಾಹುಕಾಲದಾಗ ಚಾಲೂ ಆಗಿತ್ತೇನ್ರಿ ಅದು? ಮತ್ತ ಕೆಡದ ಏನಾಗತೈತಿ!"

ಸಭೆಯೆಲ್ಲ ಹೌದೌದೆಂದು ತಲೆಯಾಡಿಸಿತು. ನನ್ನ ಅರ್ಧ ಮಾತು ಮಾತ್ರ ಅವರ ಕಿವಿಗೆ ಹೊಕ್ಕಿತ್ತು. ಸರಿಯಾಗಿ ನಡೆಯುತ್ತಿದ್ದ ಸರ್ವರನ್ನು ಆರಿಸಿ, ಸೋಮವಾರ ಒಳ್ಳೆಯ ಘಳಿಗೆಯಲ್ಲಿ ಮತ್ತೆ ಕಾಯಿ ಒಡೆದು ಹಚ್ಚಿದರು. ನಡೆಯಿತು. ನಡೆಯದೇನು? ಪೇಢೆ ಹಂಚಿದರು, ನನ್ನ ಕೈಗೂ ಒಂದು ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಾಯಮಾತಿಯ ಮಾತೆತ್ತಿದೆ.

"ಮುಹೂರ್ತ ಬದಲ ಮಾಡಿದ ಮ್ಯಾಲ ನಡೀತ್ರಿ ಮೇಡಂ," ಎಂದರು ಮ್ಯಾನೇಜರ್, "ನಿಮ್ಮದೇನೈತ್ರಿ ಅದರಾಗ?"

ಮಾರ್ಚಿನಲ್ಲಿ ನನ್ನ ಆದೇಶ ಮುಂದುವರಿಯಲಿಲ್ಲ. ಕೊನೆಯ ದಿನ ನನ್ನ ಹೆಸರನ್ನು ಸರ್ವರಿನಿಂದ ತೆಗೆಯುವ ಕೆಲಸವನ್ನೂ ನನಗೇ ಹಚ್ಚಿದರು. ತೆಗೆದೆ. ಸರಿಯಾಗಿ ಹೋಯಿತೋ ಇಲ್ಲವೋ ನೋಡೋಣವೆಂದು ಪಾಸ್‌ವರ್ಡ್ ಹಾಕಿ, ಮೊಬೈಲಿನ ಸಂಖ್ಯೆ ಒತ್ತಿದೆ. ಒಳಗೆ ಬಿಡಲಿಲ್ಲ. ನಾನು ಜೋಡಿಸಿದ ಪೆಟ್ಟಿಗೆ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿತ್ತು.