ಖೋ ಖೋ ತಂಡಕ್ಕೆ ಬಂದ ಸೂಜಿ

ಸಂಜೆ ದೀಪ ಹಚ್ಚಿದ ಮೇಲೆ ನಾನು ದೇವರನ್ನು ಏನೂ ಬೇಡುವುದಿಲ್ಲ. ಆ ದಿನ ಆದ ಒಳ್ಳೆಯದನ್ನು ಒಂದೊಂದಾಗಿ ಹೇಳಿ ಕೈ ಮುಗಿಯುತ್ತೇನೆ. ಹಾಲು ಒಡೆಯಲಿಲ್ಲ, ಮೊಮ್ಮಗಳ ಜ್ವರ ಇಳಿಯಿತು, ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಸಣ್ಣಪುಟ್ಟದ್ದೇ. ನನಗೆ ಹದಿಮೂರು ವರ್ಷವಾಗಿದ್ದಾಗ ಸಿಕ್ಕ ಒಂದು ಉಪಕಾರವನ್ನು ಮಾತ್ರ ಇವುಗಳ ಸಾಲಿನಲ್ಲಿ ಹೇಳಲು ನಾಲಿಗೆ ಏಳುವುದಿಲ್ಲ. ಅದು ಇನ್ನೊಬ್ಬರಿಗೆ ತಪ್ಪಿ ನನಗೆ ಸಿಕ್ಕಿದ್ದು.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮೂರು. ರಾಗಿ ಹೊಲ, ಒಂದು ಕೆರೆ, ಊರ ನಡುವೆ ಸೇದೋ ಬಾವಿ, ಒಂದು ಮಿಡ್ಲ್ ಸ್ಕೂಲು. ಆ ವರ್ಷ ನಮ್ಮ ಸ್ಕೂಲಿನ ಹುಡುಗಿಯರ ಖೋ ಖೋ ತಂಡ ಹೋಬಳಿಯಲ್ಲಿ ಗೆದ್ದು, ತಾಲ್ಲೂಕು ಆಟಕ್ಕೆ ದೊಡ್ಡಬಳ್ಳಾಪುರಕ್ಕೆ ಹೋಗುವುದಿತ್ತು. ಹೆಣ್ಣುಮಕ್ಕಳು ಲಂಗ ಎತ್ತಿ ಕಟ್ಟಿ ಓಡುವುದನ್ನು ಕಂಡು ಮೂಗು ಮುರಿದವರೇ ಗೆದ್ದ ಮೇಲೆ ಕೊಬ್ಬರಿ ಬೆಲ್ಲ ಹಂಚಿದರು. ಕಂಬ ಸುತ್ತಿ ತಿರುಗುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಮುಂದಿನದು ತಿಳಿಯಲೆಂದು ಹೇಳುತ್ತಿದ್ದೇನೆ.

ಅಷ್ಟರಲ್ಲಿ ವಾಂತಿಭೇದಿ ಬಂತು. ಕಾಲರಾ ಎಂದು ಹೆಡ್ ಮೇಷ್ಟ್ರು ಹೇಳುತ್ತಿದ್ದರು. ನಮ್ಮ ಅಜ್ಜಿ ಅದರ ಹೆಸರನ್ನೇ ಎತ್ತುತ್ತಿರಲಿಲ್ಲ, "ಅವಳು ಬಂದವ್ಳೆ" ಎನ್ನುತ್ತಿದ್ದರು. ನಮ್ಮ ಬೀದಿಯ ಕೊನೆ ಮನೆಯಲ್ಲಿ ಬೆಳಗ್ಗೆ ಮುದ್ದೆ ತಿರುವುತ್ತಿದ್ದ ಸೊಸೆ ಸಂಜೆಗೆ ಇರಲಿಲ್ಲ. ಮೂರನೆಯ ದಿನ ಆಕೆಯ ಮಾವ. ಆಮೇಲೆ ಊರಿನಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಹೆಸರು ಹಿಡಿದು ಕೂಗಿದರೆ ಅವಳಿಗೆ ಕೇಳಿಸುತ್ತದೆ ಎಂದು ತಾಯಂದಿರು ಮಕ್ಕಳನ್ನು ಕೈಸನ್ನೆಯಲ್ಲಿ ಕರೆಯುತ್ತಿದ್ದರು.

ಒಂದು ದಿನ ಹೆಲ್ತ್ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದು ಸ್ಕೂಲಿನ ಜಗಲಿಯ ಮೇಲೆ ಸ್ಪಿರಿಟ್ ಒಲೆ ಹಚ್ಚಿ ಸೂಜಿ ಬೇಯಿಸಲು ಇಟ್ಟರು. ಊರಿಗೆ ಊರೇ ಬಂದು ನಿಂತಿತ್ತು. ಅವರು ತಂದಿದ್ದ ಔಷಧಿ ಹದಿನೈದು ಜನಕ್ಕೆ ಸಾಕಾಗುವಷ್ಟು. "ಉಳಿದದ್ದು ಹಿಂದಿನಿಂದ ಬರ್ತದೆ. ಈಗ ನೀರು ಹೊರೋರು, ಕಾಯಿಲೆಯೋರ ಬಟ್ಟೆ ಒಗೆಯೋರು ಮುಂದೆ ಬನ್ನಿ" ಎಂದರು.

ಹಾಗೆಂದರೆ ನಮ್ಮೂರಿನಲ್ಲಿ ನೀರಕ್ಕ. ನಾವೆಲ್ಲ ಕರೆಯುತ್ತಿದ್ದುದೇ ಹಾಗೆ. ಗಂಡ ಇಲ್ಲ, ಮಕ್ಕಳಿಲ್ಲ, ಬಾವಿಯ ಹಿಂದಿನ ಗುಡಿಸಲಿನಲ್ಲಿ ಒಬ್ಬಳೇ. ಸ್ಕೂಲಿಗೂ ಏಳೆಂಟು ಮನೆಗೂ ನೀರು ತುಂಬುತ್ತಿದ್ದಳು. ಸತ್ತ ಮನೆಯ ಚಾಪೆ, ಬಟ್ಟೆ ಕೆರೆಗೆ ಒಯ್ದು ಒಗೆದವಳೂ ಅವಳೇ. ಬೇರೆ ಯಾರು ಮುಟ್ಟುತ್ತಿದ್ದರು?

ಆದರೆ ಡ್ರಿಲ್ ಮೇಷ್ಟ್ರು ಅಡ್ಡ ಬಂದರು. "ಸಾರ್, ಸೂಜಿ ಹಾಕಿದ ಚೀಟಿ ಇಲ್ದೆ ಹುಡುಗೀರನ್ನ ತಾಲ್ಲೂಕು ಆಟಕ್ಕೆ ಸೇರಿಸಲ್ಲ. ಹನ್ನೆರಡು ಜನ. ಅವರಿಗೆ ಹಾಕ್ಬಿಡಿ, ಆಮೇಲೆ ಮಿಕ್ಕೋರು."

ಇನ್ಸ್‌ಪೆಕ್ಟರು ನಕ್ಕುಬಿಟ್ಟರು. "ಏನ್ ಮೇಷ್ಟ್ರೇ, ಕಾಲರಾ ಜೊತೆ ಖೋ ಖೋ ಆಡ್ತಾರಾ?"

ಪಟೇಲರು ನಗಲಿಲ್ಲ. "ಊರಿನ ಮಾನ ಸ್ವಾಮಿ. ಹಾಕಿ" ಎಂದರು. ಅಲ್ಲಿಗೆ ಮುಗಿಯಿತು.

ಹಿಂದಿನ ದಿನ ಅಭ್ಯಾಸದಲ್ಲಿ ನನ್ನ ಎಡಗಾಲು ಉಳುಕಿತ್ತು. ನೆಲಕ್ಕೆ ಊರಿದರೆ ಜೀವ ಹೋಗುವಂತೆ ನೋವು. ಆಟ ನನ್ನಿಂದ ಆಗದು ಎಂಬುದು ನನಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಡ್ರಿಲ್ ಮೇಷ್ಟ್ರು ಸಾಲಿನಲ್ಲಿ ನಿಲ್ಲಿಸುತ್ತಾ "ಎಲ್ಲಾ ಸರಿಯಾಗಿದೀರೇನ್ರೇ?" ಎಂದು ಕೇಳಿದಾಗ ಎಲ್ಲರ ಜೊತೆ ನಾನೂ "ಹ್ಞೂಂ ಸಾರ್" ಎಂದೆ. ಕೊನೆ ಮನೆಯ ಸೊಸೆಯ ಮುಖ ನೋಡಿದ್ದೆ. ಸಾಯಲು ಹೆದರಿಕೆ, ಅಷ್ಟೇ.

ಹನ್ನೆರಡನೆಯವಳು ನಾನು. ನನ್ನ ಹಿಂದೆ ರವಿಕೆಯ ತೋಳು ಮೇಲಕ್ಕೆ ಸರಿಸಿಕೊಂಡು ನೀರಕ್ಕ ನಿಂತಿದ್ದಳು. ನನಗೆ ಸೂಜಿ ಚುಚ್ಚಿ ಆದ ಮೇಲೆ ಮಿಕ್ಕಿದ್ದು ಮೂರು ಜನಕ್ಕೆ. ಅದು ಪಟೇಲರ ಮಗ, ಹೆಡ್ ಮೇಷ್ಟ್ರು, ಡ್ರಿಲ್ ಮೇಷ್ಟ್ರಿಗೆ ಹೋಯಿತು. ನೀರಕ್ಕ ತೋಳನ್ನು ಕೆಳಗೆ ಎಳೆದುಕೊಂಡು ಕೊಡ ಎತ್ತಿಕೊಂಡು ಹೋದಳು. ಇನ್ಸ್‌ಪೆಕ್ಟರು ಸೈಕಲ್ ಹತ್ತುವ ಮುಂಚೆ ನಮ್ಮ ಕಡೆ ತಿರುಗಿ, "ವಾಂತಿ ಆದೋರಿಗೆ ನೀರು ನಿಲ್ಲಿಸ್ಬಾರ್ದು ಕಣ್ರಮ್ಮಾ. ಉಪ್ಪು ಬೆಲ್ಲ ಹಾಕಿ ಗುಟುಕು ಗುಟುಕು ಕುಡಿಸ್ತಾನೇ ಇರ್ಬೇಕು" ಎಂದರು. ನಮ್ಮೂರವರು ಮಾಡುತ್ತಿದ್ದುದು ಅದಕ್ಕೆ ತದ್ವಿರುದ್ಧ. ಭೇದಿ ಎಂದರೆ ನೀರು ಮುಚ್ಚಿಡುತ್ತಿದ್ದರು.

ಮೂರು ದಿನ ಕಳೆದು ಮಂಗಳವಾರ ಹೊರಬೀಡು ಎಂದು ಡಂಗುರ ಹೊಡೆಸಿದರು. ಹೊರಬೀಡೆಂದರೆ ಒಂದು ಹಗಲು ಊರನ್ನು ಮಾರಮ್ಮ ತಾಯಿಗೆ ಬಿಟ್ಟುಕೊಡುವುದು. ಸೂರ್ಯ ಹುಟ್ಟುವ ಮುಂಚೆ ಒಲೆ ಆರಿಸಿ, ಬೀಗ ಹಾಕಿ, ದನ ಕರು ಕೋಳಿ ನಾಯಿ ಸಮೇತ ಎಲ್ಲರೂ ಊರಾಚೆಯ ತೋಪಿಗೆ ಹೋಗಬೇಕು. ಬಾಗಿಲಿಗೆಲ್ಲ ಬೇವು ಸಿಗಿಸಿ, ಊರಿನ ದಾರಿಗಳಿಗೆ ಜಾಲಿ ಮುಳ್ಳು ಎಳೆದು ಮುಚ್ಚುತ್ತಾರೆ. ತಾಯಿ ಒಳಗೆ ಓಡಾಡಿ, ತನಗೆ ಬೇಕಾದದ್ದು ನೋಡಿಕೊಂಡು, ಹೊತ್ತು ಮುಳುಗುವಾಗ ಹೊರಟುಹೋಗುತ್ತಾಳೆ. ಅಲ್ಲಿಯವರೆಗೆ ಯಾರೂ ಮುಳ್ಳು ದಾಟುವಂತಿಲ್ಲ.

ತೋಪಿನಲ್ಲಿ ಕೂತು ನಮ್ಮೂರನ್ನು ನೋಡಿದೆ. ಒಂದು ಎಳೆ ಹೊಗೆ ಇಲ್ಲ. ಊರು ನಿದ್ದೆ ಮಾಡುತ್ತಿರುವ ಹಾಗಲ್ಲ, ಯಾರದೋ ಮಾತು ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತಿತ್ತು. ದೂರದಲ್ಲಿ ಮಾಕಳಿದುರ್ಗದ ಬೆಟ್ಟ ಬಿಸಿಲಿಗೆ ಬೆಳ್ಳಗಾಗುತ್ತಿತ್ತು.

ಆಗ ಕೀರ್ ಎಂದಿತು.

ಬಾವಿಯ ರಾಟೆ. ನಿಂತಿತು. ಮತ್ತೆ ಕೀರ್, ಕೀರ್. ಒಂದು ಬಿಂದಿಗೆ ಮೇಲೆ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಅಜ್ಜಿ ಸೆರಗು ತಲೆಗೆ ಎಳೆದುಕೊಂಡರು. "ಕೈ ಮುಗೀರೇ. ತಾಯಿ ನೀರು ಸೇದ್ತಾವ್ಳೆ."

"ತಾಯಿಗೂ ರಾಟೆಗೆ ಎಣ್ಣೆ ಹಾಕೋರಿಲ್ವಲ್ಲಪ್ಪಾ" ಎಂದ ನಮ್ಮ ಚಿಕ್ಕಪ್ಪ. ಅಜ್ಜಿ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು.

ಬಿಸಿಲು ಏರುವವರೆಗೂ ಆ ಸದ್ದು ಬಿಟ್ಟು ಬಿಟ್ಟು ಬರುತ್ತಲೇ ಇತ್ತು. ಹೆಂಗಸರು ಮೂರು ಕಲ್ಲು ಹೂಡಿ ಅಡುಗೆಗೆ ಕೂತಾಗ ಅಮ್ಮ ಸುತ್ತ ನೋಡಿ, "ನೀರಕ್ಕ ಎಲ್ಲವ್ಳೆ? ತೋಪಿನ ಪಕ್ಕದ ಕುಂಟೆಯಿಂದ ಎರಡು ಕೊಡ ನೀರು ತರೋಕೆ ಹೇಳಿ" ಎಂದರು.

"ನಿಮ್ ಜೊತೆ ಬರ್ಲಿಲ್ವಾ?" ಪಕ್ಕದ ಮನೆಯವರು ಕೇಳಿದರು.

"ನಿಮ್ ಜೊತೆ ಅಂದ್ಕೊಂಡೆ."

ಆ ಮಾತು ಒಲೆಯಿಂದ ಒಲೆಗೆ ಹೋಗಿ ಹಾಗೇ ವಾಪಸ್ಸು ಬಂತು. ಎಲ್ಲರ ಮನೆಗೂ ನೀರು ಹೊರುವವಳು, ಹಾಗಾಗಿ ಯಾರ ಮನೆಯವಳೂ ಅಲ್ಲ. ಹೊರಡುವಾಗ ಅವಳನ್ನು ಯಾರೂ ಎಣಿಸಿರಲಿಲ್ಲ. ಮತ್ತೆ ರಾಟೆ ಕೀರ್ ಎಂದಾಗ ಎಲ್ಲರ ತಲೆಯಲ್ಲೂ ಒಂದೇ ಯೋಚನೆ ಓಡಿತು ಎಂದು ಈಗಲೂ ಆಣೆ ಮಾಡಿ ಹೇಳುತ್ತೇನೆ.

ಅಪ್ಪ ಎದ್ದು ನಿಂತರು. ಪಟೇಲರು ಕೈ ಅಡ್ಡ ಹಿಡಿದರು. "ಕೂತ್ಕೊಳ್ಳಪ್ಪಾ. ಹೊತ್ತು ಮುಳುಗ್ಲಿ. ಒಬ್ಬಳಿಗೋಸ್ಕರ ಊರನ್ನ ಕೊಡೋಕಾಯ್ತದಾ?"

ಅಪ್ಪ ಕೂತರು. ಅವರನ್ನು ದೂರುವುದಿಲ್ಲ. ಮನೆಯಲ್ಲಿ ನಾವು ಐದು ಮಕ್ಕಳಿದ್ದೆವು.

ನಾನು ಬಹಿರ್ದೆಸೆಗೆಂದು ಚೊಂಬು ಹಿಡಿದು ಎದ್ದೆ. ನನಗೆ ಸೂಜಿ ಹಾಕಿ ಆಗಿತ್ತು. ಆ ಕಾಯಿಲೆ ನನ್ನನ್ನು ಮುಟ್ಟುವುದಿಲ್ಲ ಎಂದು ಬಲವಾಗಿ ನಂಬಿದ್ದೆ. ಆ ಸೂಜಿಗೆ ಅಷ್ಟೇನೂ ತಾಕತ್ತಿರಲಿಲ್ಲವೆಂದು ಎಷ್ಟೋ ವರ್ಷಗಳ ಮೇಲೆ ನರ್ಸೊಬ್ಬರು ಹೇಳಿದರು. ಆಗ ಗೊತ್ತಿರದಿದ್ದುದೇ ಒಂದು ಉಪಕಾರ.

ರಾಗಿ ಹೊಲದ ಮರೆಯಲ್ಲಿ ಬಗ್ಗಿ ನಡೆದು ನಮ್ಮ ಹಿತ್ತಲ ಹಿಂದೆ ಮುಳ್ಳು ಸರಿಸಿ ಒಳಗೆ ಹೋದೆ. ಅಂಗೈ ಗೀರಿತು. ಯಾರೂ ನೋಡುವವರಿಲ್ಲವಾದ್ದರಿಂದ ಕುಂಟಿಕೊಂಡೇ ನಡೆದೆ. ಬೀದಿಯ ಎರಡು ಕಡೆಯೂ ಬೀಗ. ಗುಡಿಸಿದ ಅಂಗಳದಲ್ಲಿ ಕೋಳಿ ಕೆದರಿದ ಗುರುತೂ ಇಲ್ಲ. ನಮ್ಮ ಮನೆಯ ಬಾಗಿಲೇ ನನ್ನನ್ನು ಗುರುತು ಸಿಗದವಳಂತೆ ನೋಡಿತು. ಮುಂದೆ, ಮೂಲೆಯಾಚೆ, ರಾಟೆ ತಿರುಗುತ್ತಿತ್ತು. ಮಾರಮ್ಮನ ಹೆಸರು ಹೇಳಿಕೊಂಡು ಮೂಲೆ ತಿರುಗಿದೆ. ಸದ್ದು ನಿಂತಿತು.

ಬಾವಿಯ ಹತ್ತಿರ ಯಾರೂ ಇರಲಿಲ್ಲ. ರಾಟೆ ಇನ್ನೂ ಸಣ್ಣಗೆ ಅಲುಗುತ್ತಿತ್ತು. ಹಗ್ಗ ಒದ್ದೆ. ಕಟ್ಟೆಯ ಕಲ್ಲಿನಿಂದ ಗುಡಿಸಲಿನವರೆಗೆ ನೀರು ತುಳುಕಿದ ಗೆರೆ, ಸುಡುವ ಬಿಸಿಲಿನಲ್ಲೂ ಆರಿರಲಿಲ್ಲ.

ಒಳಗೆ ನೀರಕ್ಕ ಗೋಡೆಗೆ ಮುಖ ಮಾಡಿ ಬಿದ್ದಿದ್ದಳು. ಕಣ್ಣು ಗುಳಿ ಬಿದ್ದು, ಕೈಬೆರಳು ನೀರಲ್ಲಿ ನೆನೆದ ಹಾಗೆ ಸುಕ್ಕಾಗಿದ್ದವು. ತಲೆಯ ಪಕ್ಕದಲ್ಲಿ ತುಂಬಿದ ಬಿಂದಿಗೆ. ಅವಳು ಆಗತಾನೆ ಎದ್ದು ಹೋಗಿ ಸೇದಿ ಬಂದಳೆಂದು ಕಣ್ಣಿದ್ದವರು ಯಾರೂ ನಂಬಲಾರರು. ಕತ್ತು ಎತ್ತಲೂ ಅವಳಿಗೆ ಆಗುತ್ತಿರಲಿಲ್ಲ.

"ಅಕ್ಕಾ" ಎಂದೆ.

"ಮತ್ತೆ ಬಂದ್ಯಾ?" ಎಂದಳು.

"ಈಗ್ಲೇ ಬಂದಿದ್ದು ಕಣಕ್ಕ."

"ಸುಳ್ಳು ಹೇಳ್ಬ್ಯಾಡ ಕಣಮ್ಮಿ. ಹೊತ್ತು ಹುಟ್ಟಿದಾಗಿಂದ ತಂದು ತಂದು ಇಡ್ತಾ ಇದೀಯ. ಕುಂಟ್ಕೊಂಡು ಬರೋ ಸದ್ದು ಕೇಳ್ತಿರ್ಲಿಲ್ವಾ ನಂಗೆ?"

ನಾನು ಕುಂಟುವುದು ನನ್ನ ಅಮ್ಮನಿಗೂ ಗೊತ್ತಿರಲಿಲ್ಲ. ಬಾಗಿಲ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಮಡಕೆಗಳಲ್ಲಿ ಹುಡುಕಿ ಉಪ್ಪು, ಒಂದು ಚೂರು ಬೆಲ್ಲ ತೆಗೆದು ಆ ಬಿಂದಿಗೆಯ ನೀರಿಗೇ ಹಾಕಿ, ಅವಳ ತಲೆ ತೊಡೆಯ ಮೇಲೆ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದೆ. ವಾಂತಿ ಮಾಡಿಕೊಂಡಳು. ಮತ್ತೆ ಕುಡಿಸಿದೆ. ಆ ಬಿಂದಿಗೆ ಸಂಜೆಯವರೆಗೆ ಸಾಕಾಯಿತು. ನಾನಿದ್ದಷ್ಟು ಹೊತ್ತು ರಾಟೆ ಮತ್ತೆ ಸದ್ದು ಮಾಡಲಿಲ್ಲ.

ಹೊತ್ತು ಮುಳುಗಿದ ಮೇಲೆ ಊರವರು ಪೂಜೆ ಮಾಡಿ ಮುಳ್ಳು ತೆಗೆದು ಬಂದಾಗ ನಾನು ಅಲ್ಲೇ ಕೂತಿದ್ದೆ. ಬೈಗುಳ ಬಿತ್ತು. ಹೊರಬೀಡು ಕೆಟ್ಟಿತು, ಮುಂದಿನ ಮಂಗಳವಾರ ಮತ್ತೆ ಮಾಡಬೇಕು ಎಂದು ಪಟೇಲರು ಕೂಗಾಡಿದರು. ಅಮ್ಮ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಅರಿಶಿನದ ನೀರು ಹೊಯ್ದರು, ಹೊಯ್ಯುತ್ತಾ ಅತ್ತರು. ಅಪ್ಪ ಎತ್ತು ಕಟ್ಟಿ, ನೀರಕ್ಕನನ್ನು ಗಾಡಿಯಲ್ಲಿ ಮಲಗಿಸಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೊಡೆದುಕೊಂಡು ಹೋದರು. ಅವಳು ಉಳಿದಳು. ನನಗೂ ಏನೂ ಆಗಲಿಲ್ಲ. ತಾಲ್ಲೂಕು ಆಟ ಮಾತ್ರ ಆ ವರ್ಷ ನಡೆಯಲೇ ಇಲ್ಲ. ಕಾಯಿಲೆ ಎಂದು ನಿಲ್ಲಿಸಿದರು. ನಮ್ಮ ಹನ್ನೆರಡು ಚೀಟಿಗಳು ಹೆಡ್ ಮೇಷ್ಟ್ರ ಮೇಜಿನಲ್ಲೇ ಉಳಿದವು.

ತಿಂಗಳಾದ ಮೇಲೆ ನೀರಕ್ಕ ಮತ್ತೆ ಬಾವಿಗೆ ಬಂದಳು, ಅರ್ಧ ಆಳಾಗಿದ್ದಳು. ನಾನು ಹೋಗಿ ಹಗ್ಗಕ್ಕೆ ಕೈ ಹಾಕಿ, ನೆಲ ನೋಡುತ್ತಾ ಹೇಳಿದೆ. "ಅಕ್ಕಾ, ನಿಂಗೆ ಬರ್ಬೇಕಾದ ಸೂಜಿ ನಾನು ಹಾಕಿಸ್ಕೊಂಡೆ. ನನ್ ಕಾಲು ಉಳುಕಿತ್ತು. ಆಟ ಆಡೋಕಾಗ್ತಿರ್ಲಿಲ್ಲ. ಗೊತ್ತಿದ್ದೂ ನಿಂತ್ಕೊಂಡೆ."

"ನಂಗೊತ್ತು ಬಿಡು."

"ಹೆಂಗೆ?"

"ನಿನ್ ಹಿಂದೆ ನಿಂತಿದ್ದೋಳು ನಾನಲ್ವಾ? ಕೊಕ್ಕರೆ ಹಂಗೆ ಒಂದೇ ಕಾಲ್ಮೇಲೆ ನಿಂತಿದ್ದೆ."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಗ್ ಹಾಕ್ತಿದ್ರಾ? ಪಟೇಲ್ರು ಎರಡನೇ ಮಗನ್ಗೆ ಹಾಕ್ತಿದ್ರು." ನಕ್ಕಳು. ಹಗ್ಗ ಎಳೆಯುತ್ತಾ, "ಒಂದು ಕೇಳ್ತೀನಿ, ನಿಜ ಹೇಳು. ನಿಂಗೆ ಸೂಜಿ ಹಾಕ್ದೆ ಇದ್ದಿದ್ರೆ ಅವತ್ತು ಮುಳ್ಳು ದಾಟ್ತಿದ್ಯಾ?" ಎಂದಳು.

ಸುಳ್ಳು ಹೇಳಿ ಒಮ್ಮೆ ಆಗಿತ್ತು. "ಇಲ್ಲಕ್ಕ" ಎಂದೆ.

ನೀರಕ್ಕ ಬಿಂದಿಗೆಯನ್ನು ಕಟ್ಟೆಯ ಮೇಲಿಟ್ಟು ನನ್ನ ಕಾಲನ್ನೇ ನೋಡಿದಳು. ಅಷ್ಟರಲ್ಲಿ ಅದು ವಾಸಿಯಾಗಿತ್ತು.

"ಅವತ್ತು ಬೆಳಗ್ಗೆಯಿಂದ ಕುಂಟ್ಕೊಂಡು ನೀರು ತಂದೋಳು ಯಾರೋ, ಅವಳಿಗೂ ಯಾರೂ ಸೂಜಿ ಹಾಕಿರ್ಲಿಲ್ಲ ಕಣಮ್ಮಿ. ಆದ್ರೂ ಬಂದ್ಲು" ಎಂದು ಕೊಡ ಸೊಂಟಕ್ಕೆ ಏರಿಸಿಕೊಂಡು ಸ್ಕೂಲಿನ ಕಡೆ ನಡೆದಳು.